ಗೋಧಿಯ ಕಣಜದ ಮೇಲಣ ಗೂಬೆ

ಆಸ್ಟ್ರೇಲಿಯದ ಮೆಲ್ಬರ್ನ್ ನಗರದಿಂದ ಈಶಾನ್ಯಾಭಿಮುಖವಾಗಿ ಸುಮಾರು 200 ಕಿಲೋಮೀಟರು ಕ್ರಮಿಸಿ, ಬೆನಾಲ ಪಟ್ಟಣವನ್ನು ದಾಟಿ ಉತ್ತರದ ಗೋಧಿಯ ಬಯಲಿಗೆ ಇಳಿದವನಿಗೆ ಊರಿಗಿಂತ ಮೊದಲು ಊರಿನ ಕಣಜವೇ ಗೋಚರಿಸುತ್ತದೆ. ಗೂರಂಬಾಟ್ ಎಂಬ ಪುಟ್ಟ ಊರಿನಲ್ಲಿ, ರೈಲುದಾರಿಯ ಮಗ್ಗುಲಿಗೆ ನಿಂತ ಕಾಂಕ್ರೀಟಿನ ಉನ್ನತವಾದ ಕಣಜದ ಮೇಲೆ, 2018ರಲ್ಲಿ ಜಿಮ್ಮಿ ಡಿವೇಟ್ ಎಂಬ ಚಿತ್ರಕಾರನು ಬರೆದ ಗೂಬೆಯೊಂದು ವಿಶಾಲ ನೇತ್ರಗಳಿಂದ ಬಯಲನ್ನು ವೀಕ್ಷಿಸುತ್ತಿದೆ. ಶ್ವಾನಧ್ವನಿಯನ್ನು ಹೋಲುವ ಕೂಗಿನಿಂದಾಗಿ 'ಬೊಗಳುವ ಗೂಬೆ' ಎಂದು ಹೆಸರಾದ ಈ ಪಕ್ಷಿಯು ವಿಕ್ಟೋರಿಯಾ ಪ್ರಾಂತದಲ್ಲಿ ಇಂದು ಅತಿ ವಿರಳ. ಇನ್ನಷ್ಟು ಉತ್ತರಕ್ಕೆ ಟುಂಗಮಾದ ಕಣಜಗಳ ಮೇಲೆ ಸೊಬ್ರೇನ್ ಎಂಬ ಚಿತ್ರಕಾರ್ತಿಯ ಕುಂಚದಿಂದ ಮೂಡಿದ ಬ್ರೋಲ್ಗಾ ಪಕ್ಷಿಗಳಿವೆ; ನರ್ತನಕ್ಕೆ ಪ್ರಸಿದ್ಧವಾದ ಇವು ನಮ್ಮ ಸಾರಸಗಳ ಜ್ಞಾತಿಗಳೇ. ಬೆಳಿಗ್ಗೆ ಹೊರಟವನು ಎರಡನ್ನೂ ಸಾವಕಾಶವಾಗಿ ಕಂಡು ರಾತ್ರಿಗೆ ನಗರವನ್ನು ಸೇರಬಹುದು. ಆದರೆ ಚಿತ್ರಗಳಷ್ಟೇ, ಬಹುಶಃ ಅವುಗಳಿಗಿಂತಲೂ ಮಿಗಿಲಾಗಿ, ಅವುಗಳನ್ನು ಹೊತ್ತ ಗೋಡೆಗಳ ಪೂರ್ವವೃತ್ತಾಂತವು ವಿಚಾರಾರ್ಹವೆಂದು ನನ್ನ ಭಾವನೆ.

ಯೋರ್ಟಾ ಯೋರ್ಟಾ ಮೊದಲಾದ ಮೂಲನಿವಾಸಿಗಳದಾಗಿದ್ದ ಈ ಸೀಮೆಯು ಒಂದು ಕಾಲಕ್ಕೆ ನೀಲಗಿರಿ ಜಾತಿಯ ವೃಕ್ಷಗಳ ವನವಾಗಿತ್ತು. ವಲಸೆಗಾರರಿಗೆ 320 ಎಕರೆಯವರೆಗೆ ಭೂಮಿಯನ್ನು ಕೊಡಮಾಡಿದ 1869ರ ಶಾಸನವು, ಭೂಮಿಯನ್ನು ಪಡೆದವನು ಅಲ್ಲಿಯೇ ವಾಸಿಸಿ, ಬೇಲಿ ಹಾಕಿ, ನೆಲದ ಒಂದಂಶವನ್ನಾದರೂ ಉತ್ತು ತೋರಿಸಬೇಕೆಂದು ವಿಧಿಸಿತು. ಬಡ ರೈತನು ಮರಗಳನ್ನು ಒಂದೊಂದಾಗಿ ಕಡಿದುರುಳಿಸಲಾರದೆ, ಬುಡದ ಸುತ್ತಲೂ ತೊಗಟೆಯನ್ನು ಬಳೆಯಾಕಾರದಲ್ಲಿ ಕೆತ್ತಿ ತೆಗೆದು, ಅವು ನಿಂತಲ್ಲಿಯೇ ಒಣಗಿದ ಮೇಲೆ ಬೆಂಕಿಯಿಟ್ಟನು. ಗೋಧಿ ಬೆಳೆಯಿತು, ಗೂಬೆ ಗೂಡು ಮಾಡುತ್ತಿದ್ದ ಪೊಟರೆಗಳು ಬೂದಿಯಾದುವು.

ಹಾಗೆ ಬೆಳೆದ ಗೋಧಿಗೆ ನಮ್ಮ ದೇಶದ ನಂಟೂ ಉಂಟು. ಗಂಗೆಯ ಮುಖಜಭೂಮಿಯ ಸೆಣಬಿನಿಂದ ಕಲ್ಕತ್ತೆಯ ಗಿರಣಿಗಳಲ್ಲಿ ನೇಯ್ದ ಗೋಣಿಚೀಲಗಳು ಹಡಗೇರಿ ಬಂದು ಈ ಬಯಲಿನ ಕಾಳನ್ನು ತುಂಬಿಕೊಳ್ಳುತ್ತಿದ್ದುವು. ಮೂರು ಬುಷೆಲ್ ಹಿಡಿಯುವ ಒಂದೊಂದು ಚೀಲವೂ ಸುಮಾರು 180 ಪೌಂಡು ತೂಗುತ್ತಿತ್ತು. ಅದರ ಬಾಯನ್ನು ದಬ್ಬಳದಿಂದ ಕೈಯಾರೆ ಹೊಲಿದು, ಬೆನ್ನಮೇಲೆ ಹೊತ್ತು, ರೈಲುನಿಲ್ದಾಣದ ಬಳಿ ಬೆಟ್ಟದೆತ್ತರಕ್ಕೆ ಒಟ್ಟುತ್ತಿದ್ದ ಹಮಾಲರ ಶ್ರಮವನ್ನು ನೆನೆದರೆ ಇಂದಿಗೂ ಮನಸ್ಸು ಭಾರವಾಗುತ್ತದೆ. ಕಾಳನ್ನು ಚೀಲವಿಲ್ಲದೆ ಸುರಿದಿಟ್ಟು ಸಾಗಿಸುವ ಕಣಜಗಳ ವ್ಯವಸ್ಥೆಗೆ ವಿಕ್ಟೋರಿಯಾದಲ್ಲಿ 1934ರ ಶಾಸನವು ದಾರಿ ತೆರೆಯಿತು. ಅದರೊಡನೆ ಬಂಗಾಳದ ಗೋಣಿಯ ಕಾಲವೂ ಕ್ರಮೇಣ ಮುಗಿಯಿತು. ಮುಂದೆ ಲಾರಿಗಳೂ ಬೃಹತ್ತಾದ ಉಗ್ರಾಣಗಳೂ ಬಂದುದರಿಂದ ಸಣ್ಣ ಊರುಗಳ ಅನೇಕ ಕಣಜಗಳು ಬರಿದಾದುವು. ಪಶ್ಚಿಮ ಆಸ್ಟ್ರೇಲಿಯದ ನಾರ್ದಮ್‌ನಲ್ಲಿ 2015ರಲ್ಲಿ ಕಣಜದ ಗೋಡೆಗಳು ಮೊದಲು ಬಣ್ಣವನ್ನು ಕಂಡುವು; ಮರುವರ್ಷದ ಆರಂಭಕ್ಕೆ ವಿಕ್ಟೋರಿಯಾದ ಬ್ರಿಮ್ ಎಂಬ ಗ್ರಾಮದಲ್ಲಿ ಗೈಡೋ ವಾನ್ ಹೆಲ್ಟನ್ ರೈತರ ಚಿತ್ರಗಳನ್ನು ಬರೆದು ಮುಗಿಸಿದನು; ಆ ಬಳಿಕ ಊರೂರೂ ತನ್ನ ಕಣಜಕ್ಕೆ ಚಿತ್ರವನ್ನು ಬಯಸಿತು.

ಗೋಧಿಗಾಗಿ ನೆಲೆಗೆಟ್ಟ ಪಕ್ಷಿಗೆ ಗೋಧಿಯ ಗೋಡೆಯ ಮೇಲೆಯೇ ಅಗ್ರಸ್ಥಾನವನ್ನು ಕೊಟ್ಟ ಗೂರಂಬಾಟಿನ ಜನರನ್ನು ನಾನು ಮನಸಾರೆ ಗೌರವಿಸುತ್ತೇನೆ. ಆದರೂ ಗೂಬೆಗೆ ಬೇಕಾದ ಪೊಟರೆಯು ನೀಲಗಿರಿ ಜಾತಿಯ ಮರದಲ್ಲಿ ಮೂಡಲು ನೂರು ವರ್ಷಕ್ಕೂ ಮಿಗಿಲಾದ ಕಾಲ ಹಿಡಿಯುತ್ತದೆ. ದನಕುರಿಗಳ ಮಂದೆಗಳು ಸಾಗಲೆಂದು ಹಿಂದೆ ಅಗಲವಾಗಿ ಬಿಟ್ಟ ರಸ್ತೆಗಳ ಎರಡು ಅಂಚುಗಳಲ್ಲಿ, ನೇಗಿಲು ತಾಗದ ಕಾರಣದಿಂದಲೇ, ಅಂಥ ವೃದ್ಧವೃಕ್ಷಗಳು ಕೆಲವು ಉಳಿದಿವೆ. ಕೊಂಬೆಯಿಂದ ಕೊಂಬೆಗೆ ತೇಲಿ ಸಾಗುವ ಅಳಿಲಿನಂಥ ಚೀಲಹೊಟ್ಟೆಯ ಪ್ರಾಣಿಗಳು ಈ ಸೀಮೆಯಲ್ಲಿ ಜೀವ ಹಿಡಿದಿರುವುದು ಬಹುಮಟ್ಟಿಗೆ ಆ ಕಿರಿದಾದ ಸಾಲುಗಳನ್ನು ಆಶ್ರಯಿಸಿಯೇ.