ನಾಲ್ವರ ನಡುವೆ ಒಬ್ಬ

ತಂಗಡಗಿ ಕೃಷ್ಣೆಯ ದಂಡೆಯ ಮೇಲಿರುವ ಊರು, ಮುದ್ದೇಬಿಹಾಳದ ಸೀಮೆಯದು. ಬಸವಣ್ಣನವರ ಮಡದಿ ನೀಲಮ್ಮನವರು ಐಕ್ಯರಾದ ಸ್ಥಳವೆಂದು ಭಕ್ತರು ಇಲ್ಲಿಗೆ ಬರುತ್ತಾರೆ. ಚರಿತ್ರೆಯನ್ನು ಓದುವವರಿಗೆ ಈ ಹೆಸರು ಬೇರೊಂದು ಬಗೆಯಿಂದ ಪರಿಚಿತ. ರಕ್ಕಸಗಿ, ತಂಗಡಗಿ ಎಂಬ ಎರಡು ಊರುಗಳ ಹೆಸರು ಕೂಡಿ ‘ರಕ್ಕಸತಂಗಡಿ’ಯಾಯಿತು. 1565ರ ಜನವರಿ 23ರಂದು ವಿಜಯನಗರದ ಭಾಗ್ಯವನ್ನು ತಿರುಗಿಸಿದ ಯುದ್ಧಕ್ಕೆ ತಾಳಿಕೋಟೆಯ ಹೆಸರಿನ ಜೊತೆಗೆ ಈ ಹೆಸರೂ ನಿಂತಿತು. ಕಾದಾಟ ನಡೆದ ಬಯಲು ಯಾವುದೆಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಆ ಚರ್ಚೆಗೆ ನಾನು ಇಲ್ಲಿ ಹೋಗುವುದಿಲ್ಲ. ಒಬ್ಬನು ಹಲವರನ್ನು ಎದುರಿಸಬೇಕಾಗಿ ಬಂದಾಗ ಏನಾಗುತ್ತದೆ, ಅದಕ್ಕೆ ನಮ್ಮ ಹಿರಿಯರು ಕಲಿಸಿದ ವಿದ್ಯೆ ಯಾವುದು ಎಂಬುದಷ್ಟೇ ನನ್ನ ಮಾತು.

ಆ ವಿದ್ಯೆಯ ಮೊದಲ ಪಾಠವನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ನಮ್ಮ ಕಡೆ ಗರಡಿಮನೆಗೆ ತಾಲೀಮು ಎನ್ನುತ್ತಾರೆ. ಕಲಿಸುವವರಿಗೆ ವಸ್ತಾದರು ಎನ್ನುತ್ತಾರೆ. ಹುಡುಗನಾಗಿದ್ದಾಗ ನಾನೂ ಕೆಲವು ತಿಂಗಳು ತಾಲೀಮಿನ ಕೆಂಪು ಮಣ್ಣು ಮೆತ್ತಿಕೊಂಡವನು. ದಂಡ ಬಸ್ಕಿ ಹೊಡೆದು, ಕುಸ್ತಿಯ ನಾಲ್ಕು ಪಟ್ಟು ಕಲಿತ ಮೇಲೆ ವಸ್ತಾದರು ಒಂದು ದಿನ ನನ್ನ ಕೈಗೆ ಕೋಲು ಕೊಟ್ಟು ನಡುವೆ ನಿಲ್ಲಿಸಿದರು. ನಾಲ್ವರು ಹುಡುಗರು ಅರಿವೆ ಸುತ್ತಿದ ಕೋಲು ಹಿಡಿದು ಸುತ್ತಲೂ ನಿಂತರು. ನಾನು ಎದುರಿನವನನ್ನು ನೋಡುವಷ್ಟರಲ್ಲಿ ಬೆನ್ನಿಗೆ ಪೆಟ್ಟು ಬಿತ್ತು. ಹಿಂದೆ ತಿರುಗುವಷ್ಟರಲ್ಲಿ ಮೊಣಕಾಲಿಗೆ. ಕಣ್ಣಲ್ಲಿ ನೀರು ಬಂದಾಗ ವಸ್ತಾದರು ಹೇಳಿದರು: “ನಡುವ ನಿಲ್ಲಬ್ಯಾಡ ತಮ್ಮಾ. ಒಂದು ಬಾಜೂಕ ಸರಿ. ಒಬ್ಬನ ಹಿಂದ ಒಬ್ಬ ನಿಲ್ಲೂ ಹಂಗ ಮಾಡು. ನಾಲ್ಕ ಮಂದಿ ಇದ್ದರೂ ಕೋಲು ತಾಗೂದು ಒಬ್ಬಂದ.”

ವಿದ್ಯೆಯೆಲ್ಲ ಇಷ್ಟೇ ಎನ್ನಬೇಕು. ದೊಣ್ಣೆವರಸೆಯಲ್ಲಿ ಕೋಲನ್ನು ಸುತ್ತಲೂ ತಿರುಗಿಸುವುದು ಎಲ್ಲರನ್ನೂ ಹೊಡೆಯಲಿಕ್ಕಲ್ಲ. ಯಾರೂ ಹತ್ತಿರ ಬಾರದಂತೆ ಮಾಡಿ ಸರಿಯಲು ಜಾಗ ಪಡೆಯಲಿಕ್ಕೆ. ಕಾಲು ನಿಂತರೆ ಕೈ ಸೋಲುತ್ತದೆ. ಹಲವರನ್ನು ಒಬ್ಬೊಬ್ಬರನ್ನಾಗಿ ಮಾಡಿಕೊಳ್ಳಬೇಕು. ದಾರಿ ಕಂಡೊಡನೆ ಹೊರಬೀಳಬೇಕು. ಹೊರಬೀಳುವುದು ಅವಮಾನವಲ್ಲ, ಅದು ಪಾಠದ ಕೊನೆಯ ಭಾಗ. ಚಕ್ರವ್ಯೂಹವನ್ನು ಹೊಗುವುದನ್ನು ಬಲ್ಲ ಅಭಿಮನ್ಯುವಿಗೆ ಹೊರಡುವುದು ತಿಳಿದಿರಲಿಲ್ಲ. ಕುಮಾರವ್ಯಾಸನನ್ನು ಕೇಳಿ ಕಣ್ಣೀರಿಟ್ಟ ನಮ್ಮ ಹಳ್ಳಿಗಳು ಈ ಕೊರತೆಯನ್ನು ಚೆನ್ನಾಗಿ ಅರಿತಿದ್ದವು.

ದೇಹವನ್ನು ಪಳಗಿಸುವ ವಿದ್ಯೆ ನಮ್ಮಲ್ಲಿ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ವಿಷಯಕ್ಕೇ ಒಂದು ಅಧ್ಯಾಯವಿದೆ. ಭಾರ ಎತ್ತುವುದು, ನಡೆಯುವುದು, ಈಜುವುದು, ಕಂಬವನ್ನೇರುವುದು ಎಂದು ಮಲ್ಲರ ಸಾಧನೆಯನ್ನು ಅದು ವಿಂಗಡಿಸಿ ಹೇಳುತ್ತದೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸನು ಕೃಷ್ಣದೇವರಾಯನ ದಿನಚರಿಯನ್ನು ಬರೆದಿಟ್ಟಿದ್ದಾನೆ. ರಾಯನು ಬೆಳಗಾಗುವ ಮುನ್ನವೇ ಎಳ್ಳೆಣ್ಣೆ ಕುಡಿದು, ಮೈಗೂ ಅದನ್ನೇ ತಿಕ್ಕಿಸಿಕೊಂಡು, ಮಣ್ಣಿನಿಂದ ಮಾಡಿದ ಭಾರಗಳನ್ನೆತ್ತಿ, ಎಣ್ಣೆಯೆಲ್ಲ ಬೆವರಾಗಿ ಹೋಗುವವರೆಗೆ ಕತ್ತಿಯ ಸಾಧನೆ ಮಾಡುತ್ತಿದ್ದನಂತೆ. ಬಳಿಕ ಒಬ್ಬ ಜಟ್ಟಿಯೊಡನೆ ಕುಸ್ತಿ. ಆಮೇಲೆ ಕುದುರೆ ಸವಾರಿ.

ಆದರೆ ಹಲವರೆದುರು ಒಬ್ಬರು ನಿಂತ ಕಥೆ ಅರಮನೆಯದಷ್ಟೇ ಅಲ್ಲ. ನಮ್ಮ ವೀರಗಲ್ಲುಗಳನ್ನು ನೋಡಿ. ಊರಿನ ದನಗಳನ್ನು ಹೊಡೆದುಕೊಂಡು ಹೋಗಲು ಬಂದವರ ಗುಂಪು. ಅವರೆದುರು ಒಬ್ಬನೇ ಒಬ್ಬ. ಮೇಲಿನ ಅಂಕಣದಲ್ಲಿ ಅವನು ಅಪ್ಸರೆಯರ ನಡುವೆ ಸ್ವರ್ಗಕ್ಕೆ ಹೊರಟಿರುತ್ತಾನೆ. ಕಲ್ಲು ಸತ್ತವನನ್ನು ಗೌರವಿಸುತ್ತದೆ. ತಾಲೀಮು ಬದುಕಿ ಬರುವವನನ್ನು ತಯಾರು ಮಾಡುತ್ತದೆ. ಎರಡರ ನಡುವಿನ ಈ ಅಂತರವನ್ನು ಮರೆಯಬಾರದು.

ವಸ್ತಾದರ ಪಾಠವನ್ನು ಯಾವ ತಾಲೀಮಿಗೂ ಹೋಗದೆ ಬಲ್ಲವಳೆಂದರೆ ಚಿತ್ರದುರ್ಗದ ಓಬವ್ವ. ಹೈದರಾಲಿಯ ಸೈನಿಕರು ಕೋಟೆಯ ಕಿಂಡಿಯಿಂದ ನುಸುಳಿದಾಗ ಅವಳ ಕೈಯಲ್ಲಿದ್ದದ್ದು ಭತ್ತ ಕುಟ್ಟುವ ಒನಕೆ. ಜನರ ನೆನಪು ಅವಳ ತೋಳಿನ ಬಲವನ್ನು ಹಾಡುತ್ತದೆ; ನಾನು ಅವಳು ನಿಂತ ಜಾಗವನ್ನು ನೋಡುತ್ತೇನೆ. ಆ ಕಿಂಡಿಯಲ್ಲಿ ಒಬ್ಬನ ಹಿಂದೆ ಒಬ್ಬನೇ ಬರಬೇಕು. ಬಯಲಿನಲ್ಲಿ ದಂಡಾಗಿದ್ದವರು ಅವಳೆದುರು ಒಬ್ಬೊಬ್ಬರಾದರು.

ಈಗ ಕೃಷ್ಣೆಯ ದಂಡೆಗೆ ಮರಳೋಣ. ರಾಮರಾಯನಿಗೂ ಒಂದು ಕಿಂಡಿಯಿತ್ತು. ಅದು ನದಿಯ ಕಡವು. ಬಿಜಾಪುರ, ಅಹಮದನಗರ, ಗೋಲ್ಕೊಂಡ, ಬೀದರ, ಈ ನಾಲ್ಕರ ಸೇನೆಗಳು ಉತ್ತರ ದಂಡೆಗೆ ಬಂದಾಗ ದಾಟುವ ಜಾಗವನ್ನು ವಿಜಯನಗರದವರು ಭದ್ರಪಡಿಸಿದ್ದರು. ಫೆರಿಷ್ತಾ ಹೇಳುವಂತೆ, ಸುಲ್ತಾನರು ಬೇರೆಲ್ಲೋ ದಾಟುವವರಂತೆ ನದಿಯುದ್ದಕ್ಕೂ ಮೂರು ದಿನ ಸಾಗಿದರು. ಕಾವಲಿನವರು ಎದುರು ದಂಡೆಯಲ್ಲಿ ಅವರನ್ನೇ ಹಿಂಬಾಲಿಸಿದರು. ಅಷ್ಟರಲ್ಲಿ ಸುಲ್ತಾನರ ದಂಡು ಹಿಂದಿರುಗಿ, ಕಾವಲಿಲ್ಲದ ಹಳೆಯ ಕಡವಿನಲ್ಲೇ ದಾಟಿತು. ಒನಕೆಯೇನೋ ಇತ್ತು, ಕಿಂಡಿ ಕೈಬಿಟ್ಟಿತ್ತು. ಯುದ್ಧದಲ್ಲಿ ಮೊದಮೊದಲು ವಿಜಯನಗರದ ಕೈಯೇ ಮೇಲಾಗಿತ್ತು; ಬಳಿಕ ಫಿರಂಗಿಗಳ ಹೊಡೆತಕ್ಕೆ ನಡುವಣ ದಂಡು ಕದಡಿತು. ಮುಪ್ಪಿನ ರಾಮರಾಯ ಸೆರೆಸಿಕ್ಕ. ಹುಸೇನ್ ನಿಜಾಮಶಾಹನ ಅಪ್ಪಣೆಯಂತೆ ಅವನ ತಲೆ ಕಡಿದರು.

ಆದರೆ ಕಿಂಡಿ ಕೈಬಿಟ್ಟದ್ದು ಆ ಮೂರು ದಿನಗಳಲ್ಲಿ ಮಾತ್ರವೆ? ಎಷ್ಟೋ ವರ್ಷ ರಾಮರಾಯನು ಸುಲ್ತಾನರನ್ನು ಒಬ್ಬನ ಹಿಂದೆ ಒಬ್ಬನನ್ನು ನಿಲ್ಲಿಸಿದ ಜಾಣ. ಗೋಲ್ಕೊಂಡದ ಇಬ್ರಾಹಿಂ ಕುತುಬಶಾಹನು ಪಟ್ಟಕ್ಕೆ ಬರುವ ಮುನ್ನ ಏಳು ವರ್ಷ ವಿಜಯನಗರದ ಆಶ್ರಯದಲ್ಲಿದ್ದವನು. ಬಿಜಾಪುರದ ಅಲಿ ಆದಿಲಶಾಹನು ರಾಮರಾಯನ ನೆರವು ಬೇಡಿದವನು. 1558ರ ಸುಮಾರಿಗೆ ಈ ಮೂವರೂ ಕೂಡಿ ಅಹಮದನಗರದ ಮೇಲೆ ಬಿದ್ದರು. ಅಂದು ಸುತ್ತ ನಿಂತವರಲ್ಲಿ ರಾಮರಾಯನೂ ಒಬ್ಬ; ನಡುವೆ ಸಿಕ್ಕವನು ಹುಸೇನ. ಅವನು ಸೋತು, ಬಾಗಿ, ಕಲ್ಯಾಣದ ಕೋಟೆಯನ್ನು ಬಿಟ್ಟುಕೊಡಬೇಕಾಯಿತು. ಆ ಅವಮಾನ ಮರೆಯುವಂಥದಾಗಿರಲಿಲ್ಲ. ಮುಂದೆ ಅವನ ಮಗಳು ಚಾಂದಬೀಬಿ ಬಿಜಾಪುರದ ಸೊಸೆಯಾದಳು. ಸೊಲ್ಲಾಪುರದ ಕೋಟೆ ಬಳುವಳಿಯಾಯಿತು. ಹಗೆಗಳು ಬೀಗರಾದರು. ಅದೇ ಸುತ್ತು, ನಡುವಿನವನು ಮಾತ್ರ ಬದಲಾಗಿದ್ದ.

ಇದನ್ನೋದಿದಾಗ ತಾಲೀಮಿನ ಇನ್ನೊಂದು ದಿನ ನನಗೆ ನೆನಪಾಗುತ್ತದೆ. ನಡುವೆ ನಿಲ್ಲುವ ಸರದಿ ಮುಗಿದು, ಸುತ್ತ ನಿಲ್ಲುವ ಸರದಿ ನನ್ನದಾಗಿತ್ತು. ನಡುವೆ ನನಗಿಂತ ಸಣ್ಣವನೊಬ್ಬ ಹೆದರಿ ನಿಂತಿದ್ದ. ನಾಲ್ವರಲ್ಲೊಬ್ಬನಾಗಿ ಕೋಲೆತ್ತಿದಾಗ ನನಗಾದದ್ದು ಭಯವಲ್ಲ, ಸುಖ. ಅವನು ಬಿದ್ದ ಮೇಲೂ ಒಂದು ಪೆಟ್ಟು ಹಾಕಿದೆ. ವಸ್ತಾದರು ಬೈಯಲಿಲ್ಲ; ನನ್ನ ಕೈಯ ಕೋಲನ್ನು ತೆಗೆದುಕೊಂಡು ಗೋಡೆಗೆ ಆನಿಸಿದರು. “ನಡುವ ನಿಂತ ಉಳಿಯೂದನ್ನ ನಾ ಕಲಸ್ತೀನಿ. ಸುತ್ತ ನಿಂತು ಹೊಡಿಯೂದನ್ನ ಯಾರೂ ಕಲಸಬೇಕಾಗಿಲ್ಲ,” ಎಂದರು.

ಮರುದಿನ ನನ್ನನ್ನು ಮತ್ತೆ ನಡುವೆಯೇ ನಿಲ್ಲಿಸಿದರು.