ಗಾಳಕ್ಕೆ ಕಟ್ಟಿದ ಗರಿ

ಹೊಸ ಒಡಂಬಡಿಕೆಯಲ್ಲಿ ಬಲೆಗಳಿಗೆ ಬರವಿಲ್ಲ. ಬಲೆ ಬೀಸುವವರು, ಬಲೆ ತೊಳೆಯುವವರು, ಬಲೆ ಸರಿಪಡಿಸುವವರು ಅಲ್ಲಿ ಮತ್ತೆ ಮತ್ತೆ ಎದುರಾಗುತ್ತಾರೆ. ಗಾಳದ ಮಾತು ಬರುವುದು ಮಾತ್ರ ಒಂದೇ ಕಡೆ. ದೇವಾಲಯದ ತೆರಿಗೆಗಾಗಿ ಪೇತ್ರನನ್ನು ಗಾಳ ಹಾಕಲು ಕಳುಹಿಸಿದ ಪ್ರಸಂಗವದು (ಮತ್ತಾಯ 17:27). ಬಲೆ ಹೊಟ್ಟೆಪಾಡಿನ ಸಾಧನವಾದರೆ ಗಾಳ ಒಂದೇ ಮೀನಿನ ಸಾಧನ. ಈ ಸಾಧನವೇ ಯುರೋಪಿನಲ್ಲಿ ಕ್ರಮೇಣ ಒಂದು ಕಲೆಯಾಗಿ ಬೆಳೆಯಿತು. ಆ ಕಲೆಯ ಅತ್ಯಂತ ನಾಜೂಕಾದ ರೂಪವನ್ನು ಇಂಗ್ಲಿಷಿನವರು ಫ್ಲೈ ಫಿಶಿಂಗ್ ಎನ್ನುತ್ತಾರೆ. ನಾವು ಹುಸಿನೊಣದ ಗಾಳ ಎನ್ನಬಹುದು. ಎರೆಹುಳುವಿನ ಬದಲು ಗರಿ, ಉಣ್ಣೆ, ರೇಷ್ಮೆನೂಲುಗಳಿಂದ ನೊಣದ ಹಾಗೆ ಕಟ್ಟಿದ ಕೊಕ್ಕೆಯನ್ನು ನೀರಿನ ಮೇಲೆ ಇಳಿಸುತ್ತಾರೆ. ತಂಪು ತೊರೆಯ ಟ್ರೌಟ್ ಮೀನು ತೇಲಿಬರುವ ಕೀಟವೆಂದು ನಂಬಿ ಬಾಯಿ ಹಾಕುತ್ತದೆ.

ಇದರ ಮೊದಲ ಸ್ಪಷ್ಟ ವರ್ಣನೆ ದೊರೆಯುವುದು ರೋಮನ್ ಲೇಖಕ ಏಲಿಯನ್ ಗ್ರೀಕಿನಲ್ಲಿ ಬರೆದ, ಪ್ರಾಣಿಗಳನ್ನು ಕುರಿತ ಗ್ರಂಥದಲ್ಲಿ. ಕಾಲ ಸುಮಾರು ಕ್ರಿ.ಶ. 200. ಮಕೆದೋನಿಯದಲ್ಲಿ ಬೆರೋಯ ಮತ್ತು ಥೆಸಲೋನಿಕಗಳ ನಡುವೆ ಹರಿಯುವ ಆಸ್ಟ್ರೇಯಸ್ ಎಂಬ ನದಿಯಲ್ಲಿ ಚುಕ್ಕೆಮೈಯ ಮೀನುಗಳಿವೆ ಎಂದು ಅವನು ಹೇಳುತ್ತಾನೆ. ಅವು ತಿನ್ನುವ ನೊಣವನ್ನು ಮನುಷ್ಯ ಕೈಯಲ್ಲಿ ಹಿಡಿದರೆ ಅದರ ಬಣ್ಣ ಕೆಡುತ್ತದೆ, ರೆಕ್ಕೆ ಮುದುಡುತ್ತದೆ. ಆದ್ದರಿಂದ ಅಲ್ಲಿಯವರು ಕೊಕ್ಕೆಗೆ ಕೆಂಪು ಉಣ್ಣೆ ಸುತ್ತಿ, ಹುಂಜದ ಕೊರಳ ಜೋಲಿನಡಿ ಬೆಳೆಯುವ ಮೇಣದ ಬಣ್ಣದ ಎರಡು ಗರಿಗಳನ್ನು ಕಟ್ಟುತ್ತಿದ್ದರಂತೆ. ಗುರುಮಠದಲ್ಲಿ ಪ್ರೇಷಿತರ ಕಾರ್ಯಕಲಾಪಗಳನ್ನು ಓದುವಾಗ, ಸಂತ ಪೌಲನು ರಾತ್ರೋರಾತ್ರಿ ಥೆಸಲೋನಿಕದಿಂದ ಬೆರೋಯಕ್ಕೆ ತೆರಳಿದ ದಾರಿಯನ್ನು ನಕಾಶೆಯಲ್ಲಿ ಗುರುತಿಸುತ್ತಿದ್ದೆವು. ಆ ಸೀಮೆಯಲ್ಲೇ ಇಂಥದೊಂದು ನದಿಯಿತ್ತೆಂದು ನಮಗಾರೂ ಹೇಳಿರಲಿಲ್ಲ.

ಏಲಿಯನ್‌ನ ನಂತರ ಈ ವಿದ್ಯೆಯ ಸವಿಸ್ತಾರ ಪಾಠ ಸಿಗುವುದು ಇಂಗ್ಲೆಂಡಿನಲ್ಲಿ, 1496ರಲ್ಲಿ. ಮುದ್ರಕ ವಿಂಕಿನ್ ಡಿ ವರ್ಡ್ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಹೊರತಂದ ಗ್ರಂಥದಲ್ಲಿ ಗಾಳದ ಮೀನುಗಾರಿಕೆಯನ್ನು ಕುರಿತ ಪ್ರಬಂಧವೊಂದು ಸೇರಿದೆ. ಅದರ ವಿವರಗಳು ಇಂದಿಗೂ ಕುತೂಹಲಕರ. ಗಾಳದ ಕೋಲನ್ನು ಮಹಾದೂತ ಮಿಕಾಯೇಲನ ಹಬ್ಬಕ್ಕೂ (ಸೆಪ್ಟೆಂಬರ್ 29) ಯೇಸುಬಾಲರನ್ನು ದೇವಾಲಯದಲ್ಲಿ ಸಮರ್ಪಿಸಿದ ಹಬ್ಬಕ್ಕೂ (ಫೆಬ್ರವರಿ 2) ನಡುವೆ ಕಡಿಯಬೇಕು. ದಾರ ಕುದುರೆಯ ಬಾಲದ ಕೂದಲಿನದು. ಅತಿ ಸಣ್ಣ ಮೀನಿಗೆ ಒಂದೆಳೆ, ಟ್ರೌಟ್‌ಗೆ ಒಂಬತ್ತು, ದೊಡ್ಡ ಟ್ರೌಟ್‌ಗೆ ಹನ್ನೆರಡು, ಸಾಲ್ಮನ್‌ಗೆ ಹದಿನೈದು. ಹೊಲಿಗೆಯ ಸೂಜಿಯನ್ನು ಬೆಂಕಿಯಲ್ಲಿ ಕಾಯಿಸಿ ಬಗ್ಗಿಸಿದರೆ ಕೊಕ್ಕೆ. ಮಾರ್ಚಿನಿಂದ ಆಗಸ್ಟ್‌ವರೆಗೆ ಋತುವಿಗೆ ತಕ್ಕಂತೆ 12 ಹುಸಿನೊಣಗಳು.

ಇದನ್ನು ಬರೆದವರು ಸೇಂಟ್ ಆಲ್ಬನ್ಸ್ ಬಳಿಯ ಸಾಪ್‌ವೆಲ್ ಕನ್ಯಾಮಠದ ಮುಖ್ಯಸ್ಥೆ ಜೂಲಿಯಾನಾ ಬರ್ನರ್ಸ್ ಎಂಬ ಮಾತು ಶತಮಾನಗಳಿಂದ ನಡೆದುಬಂದಿದೆ. ಬೆನೆದಿಕ್ತಿನ ಸಭೆಯ ಧರ್ಮಭಗಿನಿಯೊಬ್ಬರು ಮೀನುಗಾರಿಕೆಯ ಆದಿಗುರು ಎಂದರೆ ನಮಗೆ ಹೆಮ್ಮೆಯೇ. ಆದರೆ ಹೆಮ್ಮೆ ಆಧಾರವಾಗಲಾರದು. ಇದೇ ಗ್ರಂಥದ 1486ರ ಮೊದಲ ಮುದ್ರಣದಲ್ಲಿ ಬೇಟೆಯ ಭಾಗದ ಕೊನೆಗೆ ಆ ಹೆಸರಿನ ಒಬ್ಬಾಕೆಯ ಉಲ್ಲೇಖವಿದೆ, ನಿಜ. ಮೀನುಗಾರಿಕೆಯ ಪ್ರಬಂಧ ಆ ಮುದ್ರಣದಲ್ಲಿ ಇರಲೇ ಇಲ್ಲ. 1496ರಲ್ಲಿ ಸೇರಿದಾಗಲೂ ಅದರ ಮೇಲೆ ಕರ್ತೃವಿನ ಹೆಸರಿಲ್ಲ. ಸಾಪ್‌ವೆಲ್ ಮಠದ ಮುಖ್ಯಸ್ಥೆಯರ ಲಭ್ಯ ಪಟ್ಟಿಯಲ್ಲೂ ಆಕೆ ಕಾಣುವುದಿಲ್ಲ. ಪಟ್ಟಿಯಲ್ಲಿ ಬಿಟ್ಟುಹೋದ ವರ್ಷಗಳಿವೆ ಎಂಬುದಷ್ಟೇ ನಂಬುವವರಿಗೆ ಉಳಿದ ಆಸರೆ. 1450ರ ಆಸುಪಾಸಿನದೆನ್ನಲಾದ ಅಪೂರ್ಣ ಹಸ್ತಪ್ರತಿಯೊಂದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿದೆ. ಅದೂ ಅನಾಮಧೇಯವೇ. ಇಲ್ಲದ ಸಾಕ್ಷ್ಯವನ್ನು ಭಕ್ತಿಯಿಂದ ತುಂಬಿಸುವ ಅಭ್ಯಾಸ ನಮ್ಮಲ್ಲಿ ಹಳೆಯದು; ಅದನ್ನು ಬಿಡುವುದೇ ಲೇಸು.

ಬರೆದವರಾರೇ ಆಗಲಿ, ಪ್ರಬಂಧದ ಕಡೆಯ ಪುಟಗಳು ಮನಸ್ಸನ್ನು ಹಿಡಿಯುತ್ತವೆ. ಬಡವನ ಕೊಳದಲ್ಲಿ ಅವನ ಅಪ್ಪಣೆಯಿಲ್ಲದೆ ಗಾಳ ಹಾಕಬಾರದು. ಇನ್ನೊಬ್ಬರು ಹೊಳೆಯಲ್ಲಿ ಇಟ್ಟ ಕೂಣಿಯನ್ನು ಮುರಿಯಬಾರದು, ಅದರೊಳಗಿನ ಮೀನನ್ನು ತೆಗೆಯಬಾರದು, ಅದು ಕಳ್ಳತನ. ಬೇಲಿ ಮುರಿಯಬಾರದು, ತೆರೆದ ಗೇಟನ್ನು ಮುಚ್ಚದೆ ಹೋಗಬಾರದು. ಒಮ್ಮೆಗೇ ಅತಿಯಾಗಿ ಹಿಡಿಯಬಾರದು. ಹಣದಾಸೆಗಾಗಿ ಅಲ್ಲ, ಮುಖ್ಯವಾಗಿ ದೇಹ ಮತ್ತು ಆತ್ಮದ ಆರೋಗ್ಯಕ್ಕಾಗಿ ಈ ವಿನೋದ. ಏಕಾಂತದಲ್ಲಿ ನಿತ್ಯದ ಪ್ರಾರ್ಥನೆಗೂ ಅವಕಾಶ. ಹೀಗೆ ನಡೆವವರಿಗೆ ದೇವರ ಮತ್ತು ಸಂತ ಪೇತ್ರನ ಆಶೀರ್ವಾದವಿದೆ.

ಆದರೆ ಅಲ್ಲೇ ಇನ್ನೊಂದು ಮಾತೂ ಇದೆ. ಈ ಪ್ರಬಂಧವನ್ನು ಬಿಡಿಯಾಗಿ ಅಚ್ಚುಹಾಕಿದರೆ ಕೆಲವು ಕಾಸಿಗೆ ಯಾವ ಸೋಮಾರಿಯೂ ಕೊಂಡು ಮೀನುಗಳನ್ನು ನಾಶಮಾಡಿಯಾನು. ಆದ್ದರಿಂದಲೇ ಕುಲೀನರಿಗೆಂದು ಸಿದ್ಧಪಡಿಸಿದ ದೊಡ್ಡ ಗ್ರಂಥದೊಳಗೆ ಸೇರಿಸಲಾಗಿದೆಯಂತೆ. ಬಡವನ ಕೊಳಕ್ಕೆ ರಕ್ಷಣೆ ನೀಡಿದ ಕೈಯೇ ಬಡವನ ಕೈಗೆ ಪುಸ್ತಕ ಸಿಗದಂತೆ ನೋಡಿಕೊಂಡಿತು. ಈ ಎರಡು ಬುದ್ಧಿಗಳು ಮುಂದಿನ ಇತಿಹಾಸದುದ್ದಕ್ಕೂ ಜೊತೆಯಾಗಿಯೇ ಸಾಗಿದವು.

1653ರಲ್ಲಿ, ರಾಜನ ಶಿರಚ್ಛೇದವಾಗಿ ದೇಶ ತಳಮಳಿಸುತ್ತಿದ್ದ ಕಾಲದಲ್ಲಿ, ಲಂಡನ್ನಿನ ವರ್ತಕ ಐಸಾಕ್ ವಾಲ್ಟನ್ ತನ್ನ ‘ದಿ ಕಂಪ್ಲೀಟ್ ಆಂಗ್ಲರ್’ ಪ್ರಕಟಿಸಿದ. ಹುಸಿನೊಣದಲ್ಲಿ ಅವನೇನೂ ನಿಪುಣನಲ್ಲ. ಆ ಕೊರತೆಯನ್ನು ಸ್ನೇಹಿತ ಚಾರ್ಲ್ಸ್ ಕಾಟನ್ 1676ರಲ್ಲಿ ಎರಡನೆಯ ಭಾಗ ಬರೆದು ತುಂಬಿದ. ಅಲ್ಲಿ ಎಲ್ಲವೂ ಶಾಂತ, ಸೌಮ್ಯ. ಅದಾದ ಅರ್ಧ ಶತಮಾನಕ್ಕೆ, 1723ರಲ್ಲಿ, ‘ಬ್ಲ್ಯಾಕ್ ಆ್ಯಕ್ಟ್’ ಬಂತು. ಮುಖಕ್ಕೆ ಮಸಿ ಬಳಿದುಕೊಂಡು, ಆಯುಧ ಹಿಡಿದು ಮೀನು ಕದಿಯುವವನಿಗೂ, ಮತ್ತೊಬ್ಬರ ಮೀನುಕೊಳದ ಏರಿ ಒಡೆಯುವವನಿಗೂ ಮರಣದಂಡನೆ ವಿಧಿಸಬಹುದಿತ್ತು. 1822ರಲ್ಲಿ ಟೆಸ್ಟ್ ನದಿಯ ದಡದ ಸ್ಟಾಕ್‌ಬ್ರಿಜ್‌ನಲ್ಲಿ ಹೌಟನ್ ಕ್ಲಬ್ ಆರಂಭವಾಯಿತು. ಹುಸಿನೊಣದ ಅತ್ಯುತ್ತಮ ನೀರು ಬೆರಳೆಣಿಕೆಯ ಸದಸ್ಯರದಾಯಿತು.

ಈ ಕಥೆಯ ಒಂದು ಎಳೆ ನಮ್ಮ ಕರಾವಳಿಗೂ ಬಂದಿದೆ. ಮದ್ರಾಸ್ ಸಿವಿಲ್ ಸೇವೆಯ ಹೆನ್ರಿ ಸಲಿವನ್ ಥಾಮಸ್ ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದವರು, ಗಾಳದ ಪರಮ ವ್ಯಸನಿ. ಮಹಶೀರ್ ಮೊದಲಾದ ನಮ್ಮ ನದಿಯ ಮೀನುಗಳನ್ನು ಕುರಿತ ಅವರ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಅಚ್ಚಾದದ್ದು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ. ಅದಕ್ಕೆ ಮುನ್ನ, 1870ರಲ್ಲಿ, ಜಿಲ್ಲೆಯ ಮೀನು ಸಾಕಣೆಯನ್ನು ಕುರಿತು ವರದಿಯನ್ನೂ ಬರೆದಿದ್ದರು. ಮರಿಮೀನುಗಳ ನಾಶವೇ ಅವರ ದೊಡ್ಡ ಚಿಂತೆ. ಬೆರಳುದ್ದದ ಮರಿಗಳನ್ನು ಬುಟ್ಟಿ ಬುಟ್ಟಿ ಹಿಡಿದರೆ ಹೊಳೆಯಲ್ಲಿ ಉಳಿಯುವುದೇನು ಎಂಬ ವಾದವನ್ನು ತಳ್ಳಿಹಾಕಲಾಗದು. 1897ರ ಭಾರತೀಯ ಮೀನುಗಾರಿಕೆ ಕಾಯ್ದೆ ನೀರಿಗೆ ಸಿಡಿಮದ್ದು, ವಿಷ ಹಾಕುವುದನ್ನು ಅಪರಾಧವೆಂದು ಸಾರಿತು. ಆದರೂ ನನಗೊಂದು ಅಳುಕು. ಮೋಜಿಗಾಗಿ ದಡದಲ್ಲಿ ನಿಂತ ಅಧಿಕಾರಿಗೆ ಗದ್ದೆಯ ತೂಬಿಗೆ ಕೂಣಿ ಒಡ್ಡಿದ ಒಕ್ಕಲಿನವಳ ಹಸಿವು ಎಷ್ಟು ಕಂಡೀತು? ಅವಳ ಕೂಣಿಗೂ ಆ ಹಳೆಯ ಪ್ರಬಂಧ ರಕ್ಷಣೆ ಕೊಟ್ಟಿತ್ತಲ್ಲ!

ಹೀಗೆ ಪ್ರಶ್ನಿಸುವ ಅಧಿಕಾರ ನನಗೆ ಪೂರ್ತಿಯಾಗಿ ಇಲ್ಲ. ಕಿರಿಯ ಗುರುವಾಗಿದ್ದಾಗ ಹೊಳೆದಂಡೆಯ ಒಂದು ಧರ್ಮಕೇಂದ್ರದಲ್ಲಿದ್ದೆ. ತಪಸ್ಸುಕಾಲವೆಂದರೆ ಅಲ್ಲಿ ಕಡುಬೇಸಿಗೆ, ಹೊಳೆ ಬತ್ತಿ ಗುಂಡಿಗಳಲ್ಲಿ ಮಾತ್ರ ನೀರು. ಶುಕ್ರವಾರ ಮಾಂಸ ವರ್ಜ್ಯವಾದ್ದರಿಂದ ಯುವಕರು ಗುರುನಿವಾಸಕ್ಕೆ ಮೀನು ತಂದುಕೊಡುತ್ತಿದ್ದರು. ಹಿಂದಿನ ಸಂಜೆ ಹೊಳೆಯ ಕಡೆಯಿಂದ ತೋಟೆ ಸಿಡಿದ ಸದ್ದು ನನಗೂ ಕೇಳಿರುತ್ತಿತ್ತು. ಸಾರು ರುಚಿಯಾಗಿರುತ್ತಿತ್ತು. ಮೀನು ಹೇಗೆ ಸಿಕ್ಕಿತೆಂದು ನಾನು ಒಂದು ಶುಕ್ರವಾರವೂ ಕೇಳಲಿಲ್ಲ.