ನೈರೋಬಿಯ ಮಣ್ಣಿನಲ್ಲಿ ಧಾರವಾಡ, ಬಳ್ಳಾರಿಯ ನೆನಪು

ಕೊಲ್ಲಿಯಲ್ಲಿರುವ ನಮ್ಮಲ್ಲಿ ಅನೇಕರಿಗೆ ನೈರೋಬಿ ಎಂದರೆ ವಿಮಾನ ಇಳಿಯುವ ಊರು, ಅಷ್ಟೇ. ದುಬೈಯಿಂದ ಸುಮಾರು ಐದು ಗಂಟೆಯ ಪ್ರಯಾಣ. ಈದ್ ರಜೆಯಲ್ಲಿ ನಾಲ್ಕು ದಿನ ಸಿಕ್ಕರೆ ಮಕ್ಕಳನ್ನು ಕರೆದುಕೊಂಡು ಹೊರಡುತ್ತೇವೆ, ಇಳಿದವರೇ ಮಸಾಯಿ ಮಾರಾ ಕಡೆ ಜೀಪು ಹತ್ತುತ್ತೇವೆ. ಹಿಂದಿರುಗುವಾಗ ಒಂದು ದಿನ ಉಳಿದರೆ ಮಾಲ್‌ನಲ್ಲಿ ಕಳೆಯುತ್ತೇವೆ. ಮಾಲ್‌ಗಳಿಗೆ ನಮ್ಮಲ್ಲೇನು ಬರವೇ? ಆ ಒಂದು ದಿನವನ್ನು ನೈರೋಬಿ ನಗರಕ್ಕೇ ಕೊಟ್ಟರೆ ನಮ್ಮದೇ ನಾಡಿನ ಒಂದು ಎಳೆ ಅಲ್ಲಿ ಸಿಗುತ್ತದೆ. ಕಳೆದ ರಜೆಯಲ್ಲಿ ನಾವು ಎರಡು ಕುಟುಂಬದವರು ಹಾಗೆಯೇ ಮಾಡಿದೆವು. ಮುಂದೆ ಹೋಗುವವರಿಗೆ ಉಪಯೋಗವಾಗಲಿ ಎಂದು ಇಲ್ಲಿ ಬರೆಯುತ್ತಿದ್ದೇವೆ.

ಬೆಳಿಗ್ಗೆ ರೈಲ್ವೆ ಮ್ಯೂಸಿಯಂನಿಂದ ಆರಂಭಿಸಿ. ನೈರೋಬಿ ಬಹಳ ಹಳೆಯ ಊರಲ್ಲ. ಮಸಾಯಿ ಭಾಷೆಯಲ್ಲಿ ತಣ್ಣೀರು ಎಂಬ ಅರ್ಥ ಕೊಡುವ ಮಾತಿನಿಂದ ಬಂದ ಹೆಸರು ಅದು. 1899ರಲ್ಲಿ ಮೊಂಬಾಸಾ ಕಡೆಯಿಂದ ರೈಲು ಹಳಿ ಬಂದು ಮುಟ್ಟಿದಾಗ ಅಲ್ಲಿದ್ದದ್ದು ಜೌಗು ಬಯಲು. 1896ರಿಂದ 1901ರವರೆಗೆ ನಡೆದ ಆ ಕಾಮಗಾರಿಗೆ ಬ್ರಿಟಿಷರು ಹಿಂದೂಸ್ತಾನದಿಂದ ಸುಮಾರು 32 ಸಾವಿರ ಕರಾರು ಕೂಲಿಗಳನ್ನು ಹಡಗಿನಲ್ಲಿ ತಂದರು. ಹೆಚ್ಚಿನವರು ಪಂಜಾಬಿನವರು. ಸುಮಾರು 2,500 ಮಂದಿ ಅಲ್ಲೇ ಸತ್ತರು. ಕರಾರು ಮುಗಿದ ಮೇಲೆ ಸುಮಾರು 6,700 ಮಂದಿ ಅಲ್ಲಿಯೇ ಉಳಿದರು. 1900ರಲ್ಲಿ ಕೀಮಾ ನಿಲ್ದಾಣದಲ್ಲಿ ಚಾರ್ಲ್ಸ್ ರಯಾಲ್ ಎಂಬ ಪೊಲೀಸ್ ಅಧಿಕಾರಿಯನ್ನು ಸಿಂಹ ಎಳೆದೊಯ್ದ ಬೋಗಿ ಈ ಮ್ಯೂಸಿಯಂನಲ್ಲಿದೆ. ಮಕ್ಕಳು ಅದರ ಮುಂದೆಯೇ ನಿಂತುಬಿಡುತ್ತಾರೆ. ಹೆಸರಿಲ್ಲದೆ ಸತ್ತ ಆ ಕೂಲಿಗಳ ಮಾತನ್ನೂ ಅಲ್ಲಿಯೇ ಅವರಿಗೆ ಹೇಳಿ. ಕರಾರು ಎಂಬ ಮಾತು ಕೊಲ್ಲಿಯ ಮಕ್ಕಳಿಗೆ ಹೊಸದಲ್ಲ.

ಅಲ್ಲಿಂದ ಪೇಟೆಯ ನಡುವಿನ ಜೀವನ್‌ಜೀ ಉದ್ಯಾನಕ್ಕೆ ಹೋಗಿ. ಕರಾಚಿಯಿಂದ ಬಂದು ರೈಲ್ವೆ ಗುತ್ತಿಗೆಯಲ್ಲಿ ಸಿರಿವಂತರಾದ ಎ.ಎಂ. ಜೀವನ್‌ಜೀ 1906ರಲ್ಲಿ ಊರಿಗೆ ಕೊಟ್ಟ ಜಾಗ ಇದು. 1991ರಲ್ಲಿ ಅಲ್ಲಿ ವಾಹನ ನಿಲ್ಲಿಸುವ ಬಹುಮಹಡಿ ಕಟ್ಟಡ ಕಟ್ಟುವ ಯೋಜನೆ ಬಂದಾಗ ಅವರ ಮೊಮ್ಮಗಳು ಜರೀನಾ ಪಟೇಲ್ ಎದುರು ನಿಂತರು, ಊರಿನ ಜನ ಜೊತೆಗೂಡಿದರು, ಉದ್ಯಾನ ಉಳಿಯಿತು. ಮಧ್ಯಾಹ್ನದ ಬಿಡುವಿನಲ್ಲಿ ಅಲ್ಲಿ ಬೆಂಚಿನ ಮೇಲೆ ಕುಳಿತರೆ ಒಂದು ಕಡೆ ಧರ್ಮಬೋಧೆ, ಇನ್ನೊಂದು ಕಡೆ ರಾಜಕೀಯದ ಬಿಸಿ ಚರ್ಚೆ ಕಿವಿಗೆ ಬೀಳುತ್ತದೆ. ನಮ್ಮೂರ ಅರಳಿಕಟ್ಟೆಯೇ ಸರಿ.

ಸಮೀಪದಲ್ಲೇ ಮೋಯಿ ಅವೆನ್ಯೂದಲ್ಲಿ ಕೆನ್ಯಾದ ರಾಷ್ಟ್ರೀಯ ಪತ್ರಾಗಾರವಿದೆ. ಒಂದು ಕಾಲದಲ್ಲಿ ಬ್ಯಾಂಕ್ ಆಗಿದ್ದ ಕಟ್ಟಡ. ಕೆಳ ಅಂತಸ್ತಿನಲ್ಲಿ ಆಫ್ರಿಕಾದ ಮುಖವಾಡ, ಬಟ್ಟೆ, ಆಯುಧಗಳನ್ನು ಇಟ್ಟಿರುವ ದೊಡ್ಡ ಸಭಾಂಗಣಕ್ಕೆ ಮುರುಂಬಿ ಗ್ಯಾಲರಿ ಎಂದು ಹೆಸರು. ನಮ್ಮ ನಾಡಿನ ಎಳೆ ಇಲ್ಲಿ ಸಿಗುತ್ತದೆ. ಜೋಸೆಫ್ ಮುರುಂಬಿ ಹುಟ್ಟಿದ್ದು 1911ರಲ್ಲಿ, ಕೆನ್ಯಾದಲ್ಲಿ. ತಂದೆ ಗೋವಾದ ವ್ಯಾಪಾರಿ, ತಾಯಿ ಮಸಾಯಿ. ಚಿಕ್ಕ ಹುಡುಗನನ್ನು ತಂದೆ ಓದಲು ಕಳಿಸಿದ್ದು ಬೆಂಗಳೂರಿಗೆ, ಆಮೇಲೆ ಬಳ್ಳಾರಿಗೆ. ಬೆಂಗಳೂರಿನ ಗುಡ್ ಶೆಪರ್ಡ್ ಕಾನ್ವೆಂಟ್, ಬಳ್ಳಾರಿಯ ಸೇಂಟ್ ಪ್ಯಾಂಕ್ರಸ್ ಶಾಲೆಗಳಲ್ಲಿ ಓದಿದ ಹುಡುಗ 1930ರ ದಶಕದಲ್ಲಿ ಕೆನ್ಯಾಕ್ಕೆ ಮರಳಿದ. 1952ರಲ್ಲಿ ಬ್ರಿಟಿಷರು ಜೋಮೋ ಕೆನ್ಯಾಟಾ ಮೊದಲಾದ ನಾಯಕರನ್ನು ಹಿಡಿದಾಗ ಅವರ ಸಂಘಟನೆಯ ಕೆಲಸವನ್ನು ಹೊತ್ತವರಲ್ಲಿ ಮುರುಂಬಿ ಒಬ್ಬರು. ಮುಂದೆ ಸ್ವತಂತ್ರ ಕೆನ್ಯಾದ ವಿದೇಶಾಂಗ ಸಚಿವರಾದರು. 1966ರಲ್ಲಿ ಉಪರಾಷ್ಟ್ರಪತಿಯಾಗಿ ಕೆಲವೇ ತಿಂಗಳಲ್ಲಿ ಹುದ್ದೆ ಬಿಟ್ಟರು. ಉಳಿದ ಬದುಕನ್ನು ಆಫ್ರಿಕಾದ ಕಲೆ, ಪುಸ್ತಕ ಕೂಡಿಹಾಕಲು ಮುಡಿಪಿಟ್ಟರು.

ಮಧ್ಯಾಹ್ನದ ಮೇಲೆ ಟ್ಯಾಕ್ಸಿ ಹಿಡಿದು ಪಾರ್ಕ್‌ಲ್ಯಾಂಡ್ಸ್ ಕಡೆ ಬನ್ನಿ. ಭಾರತೀಯ ಕುಟುಂಬಗಳು ತಲೆಮಾರುಗಳಿಂದ ನೆಲೆಸಿರುವ ಬಡಾವಣೆ ಇದು. ಊಟಕ್ಕೆ ಚಿಂತೆಯಿಲ್ಲ, ಚಪಾತಿಯನ್ನು ಇಡೀ ಕೆನ್ಯಾ ತನ್ನದೇ ತಿಂಡಿ ಎಂದುಕೊಂಡಿದೆ. ಅಲ್ಲಿಯೇ ಪಕ್ಕದಲ್ಲಿ ಸಿಟಿ ಪಾರ್ಕ್. ಹಳೆಯ ಕಾಡಿನ ಒಂದು ತುಂಡು ನಗರದ ನಡುವೆ ಉಳಿದುಕೊಂಡಂತೆ ಇದೆ. ಕೋತಿಗಳು ಕೈಯಲ್ಲಿದ್ದುದನ್ನು ಕಸಿಯುತ್ತವೆ, ಎಚ್ಚರ. ಸಂಜೆಗತ್ತಲಿಗೆ ಮೊದಲು ಹೊರಬಂದುಬಿಡಿ.

ಈ ಪಾರ್ಕಿನ ಸ್ಮಶಾನದಲ್ಲಿ ಪಿಯೋ ಗಾಮಾ ಪಿಂಟೋ ಅವರ ಸಮಾಧಿಯಿದೆ. 1927ರಲ್ಲಿ ನೈರೋಬಿಯಲ್ಲೇ ಹುಟ್ಟಿದ ಗೋವಾ ಮೂಲದವರು. ಬಾಲ್ಯದಲ್ಲೇ ಓದಿಗೆಂದು ಗೋವಾಕ್ಕೆ ಬಂದರು. ಅಲ್ಲಿಂದ ಧಾರವಾಡದ ಕರ್ನಾಟಕ ಕಾಲೇಜಿಗೆ ಸೇರಿ ಎರಡು ವರ್ಷ ವಿಜ್ಞಾನ ಓದಿದರು. 1944ರಲ್ಲಿ ವಾಯುಪಡೆಗೆ ಸೇರಿದರು. ಆಮೇಲೆ ಗೋವಾದಲ್ಲಿ ಪೋರ್ಚುಗೀಸರ ವಿರುದ್ಧ ನಿಂತು, ಸೆರೆ ತಪ್ಪಿಸಿಕೊಂಡು 1949ರಲ್ಲಿ ಕೆನ್ಯಾಕ್ಕೆ ಮರಳಿದರು. ಅಲ್ಲಿ ಪತ್ರಿಕೆ ನಡೆಸಿದರು, ಆಫ್ರಿಕನ್ನರ ಹೋರಾಟಕ್ಕೆ ದುಡಿದರು. 1954ರಲ್ಲಿ, ಮದುವೆಯಾಗಿ ಕೆಲವೇ ತಿಂಗಳಾಗಿದ್ದಾಗ, ಬ್ರಿಟಿಷರು ಹಿಡಿದು ಮಾಂಡಾ ದ್ವೀಪದಲ್ಲಿಟ್ಟರು. ಬಿಡುಗಡೆಯಾಗುವ ಹೊತ್ತಿಗೆ 1959 ಆಗಿತ್ತು. ಸ್ವಾತಂತ್ರ್ಯ ಬಂದ ಮೇಲೆ ಸಂಸದರಾದರೂ ಭೂಮಿ ಬಡವರಿಗೆ ಸೇರಬೇಕೆಂಬ ಹಟ ಬಿಡಲಿಲ್ಲ. 1965ರ ಫೆಬ್ರವರಿ 24ರ ಬೆಳಿಗ್ಗೆ ಮನೆಯ ಗೇಟಿನ ಬಳಿ, ಪುಟ್ಟ ಮಗಳು ಕಾರಿನಲ್ಲಿದ್ದಾಗಲೇ, ಗುಂಡಿಕ್ಕಿ ಕೊಂದರು. ವಯಸ್ಸು 37. ಸ್ವತಂತ್ರ ಕೆನ್ಯಾದ ಮೊದಲ ರಾಜಕೀಯ ಕೊಲೆ ಅದು.

ಮುರುಂಬಿ 1990ರಲ್ಲಿ ತೀರಿಕೊಂಡರು. ಗೆಳೆಯ ಪಿಂಟೋ ಹತ್ತಿರವೇ ತನ್ನನ್ನು ಮಣ್ಣು ಮಾಡಬೇಕೆಂಬುದು ಅವರ ಆಸೆಯಾಗಿತ್ತು. ಹಾಗೆಯೇ ಅವರೂ ಪತ್ನಿ ಶೀಲಾ ಅವರೂ ಈ ಪಾರ್ಕಿನಲ್ಲೇ ಇದ್ದಾರೆ, ಸುತ್ತ ಕಲ್ಲಿನ ಶಿಲ್ಪಗಳು. ಒಬ್ಬರು ಧಾರವಾಡದಲ್ಲಿ ಓದಿದವರು, ಇನ್ನೊಬ್ಬರು ಬೆಂಗಳೂರು, ಬಳ್ಳಾರಿಯಲ್ಲಿ ಬೆಳೆದವರು. ನಮ್ಮ ಶಾಲೆ, ಕಾಲೇಜುಗಳ ಅಂಗಳದಲ್ಲಿ ಓಡಾಡಿದ ಇಬ್ಬರು ಒಂದು ದೇಶವನ್ನು ಕಟ್ಟಲು ಹೆಗಲು ಕೊಟ್ಟರು ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತಿತ್ತು? ನಮಗಂತೂ ಗೊತ್ತಿರಲಿಲ್ಲ.

ಸಮಾಧಿಯ ಮುಂದೆ ನಮ್ಮ ಜೊತೆಗಿದ್ದ ಹುಡುಗಿ, ಹತ್ತು ವರ್ಷದವಳು, ಕೇಳಿದಳು: "ಹಾಗಾದ್ರೆ ಇವರು ಯಾವ ಊರಿನವರು?" ನಾವು ಹಿರಿಯರು ಮುಖ ಮುಖ ನೋಡಿಕೊಂಡೆವು. ಅದೇ ಪ್ರಶ್ನೆಗೆ ಅವಳೂ ಶಾಲೆಯಲ್ಲಿ ಒಮ್ಮೆ ಉಡುಪಿ ಎನ್ನುತ್ತಾಳೆ, ಒಮ್ಮೆ ಶಾರ್ಜಾ ಎನ್ನುತ್ತಾಳೆ. ಕೆನ್ಯಾದ ಭಾರತೀಯರಿಗೂ ಉತ್ತರ ಸುಲಭವಾಗಿರಲಿಲ್ಲ. 1967ರ ಕಾನೂನುಗಳ ನಂತರ ಸಾವಿರಾರು ಮಂದಿ ಊರು ಬಿಟ್ಟು ಬ್ರಿಟನ್ನಿಗೆ ಹೋದರು. ಉಳಿದವರನ್ನು 2017ರಲ್ಲಿ ಸರ್ಕಾರ ಕೆನ್ಯಾದ 44ನೇ ಬುಡಕಟ್ಟು ಎಂದು ಘೋಷಿಸಿತು. ರೈಲು ಹಳಿ ಹಾಕಲು ಶುರು ಮಾಡಿ ಆಗ 121 ವರ್ಷ ಆಗಿತ್ತು.

ಕೊಲ್ಲಿಯ ನಮ್ಮ ದಾರಿ ಬೇರೆ. ವೀಸಾ ಮುಗಿದ ದಿನ ನಾವು ಹೊರಡುವವರು. ಆದರೂ ಇರುವಷ್ಟು ದಿನ ಇರುವ ಊರಿನ ಸುಖದುಃಖ ನಮ್ಮದೂ ಹೌದು ಎಂದುಕೊಳ್ಳಲು ಯಾವ ಕಾಗದವೂ ಬೇಕಿಲ್ಲ. ಆ ಹುಡುಗಿಗೆ ಕೊನೆಗೆ ನಾವು ಹೇಳಿದ ಉತ್ತರ ಇಷ್ಟೇ: "ಎಲ್ಲಿ ದುಡಿದರೋ ಅದೇ ಊರಿನವರು ಮಗಳೇ." ಮುಂದಿನ ರಜೆಯಲ್ಲಿ ನೈರೋಬಿಗೆ ಹೋದರೆ ಸಿಂಹಗಳನ್ನು ನೋಡಿ ಬನ್ನಿ. ಸಿಟಿ ಪಾರ್ಕಿಗೂ ಒಂದು ಹಿಡಿ ಹೂವು ಒಯ್ಯಿರಿ.